ಕಾರಿನ ನೀರಿನಲ್ಲಿ ಕಂಡ ಕೆನೆ

ನಾನು ಇಪ್ಪತ್ತೆರಡು ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುವವಳು, ಹನ್ನೊಂದು ವರ್ಷದಿಂದ ಕಾರು ಓಡಿಸುವವಳು. ಈ ಎರಡು ವಿದ್ಯೆಗಳೂ ನನ್ನೊಳಗೆ ಒಂದನ್ನೊಂದು ಮಾತಾಡಿಸದೆ ಕಾಲ ಕಳೆದಿವೆ ಅನ್ನುವುದು ಮೊನ್ನೆ ಮೊನ್ನೆ ತಿಳಿಯಿತು. ಅಷ್ಟು ವರ್ಷದಲ್ಲಿ ಒಂದು ಸಲವೂ ನಾನು ಬಾನೆಟ್ ಎತ್ತಿ ನೋಡಿದವಳಲ್ಲ. ಕೀಲಿ ತಿರುಗಿಸಿದರೆ ಕಾರು ಹೊರಡಬೇಕು, ಹೊರಡುತ್ತಿತ್ತು. ಕೇಳದೆ ಕೆಲಸ ಮಾಡುವವರನ್ನು ನಾವು ಹಾಗೇ ಅಲ್ಲವೇ ನಡೆಸಿಕೊಳ್ಳುವುದು.

ಒಂದು ಬುಧವಾರ ನಾಗಮಂಗಲದ ಕಾಲೇಜು ಮುಗಿಸಿ ಪಾಂಡವಪುರದ ಪಕ್ಕದ ನಮ್ಮೂರಿಗೆ ಬರುತ್ತಿದ್ದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹತ್ತತೊಡಗಿತು. ಹುಣಸೇಮರದ ಕೆಳಗೆ ನಿಲ್ಲಿಸಿ, ತಣ್ಣಗಾಗುವ ತನಕ ಕಾದು, ಹೇಗೋ ಬಾನೆಟ್ ಎತ್ತಿದೆ. ಎಂಜಿನ್ನನ್ನು ತಣ್ಣಗಿಡುವ ನೀರಿನ ಡಬ್ಬಿಯ ತಳದಲ್ಲಷ್ಟೇ ನೀರಿತ್ತು. ಅದರ ಮೇಲೆ ಬೆರಳು ದಪ್ಪ ಕೆನೆ ಕಟ್ಟಿತ್ತು. ಹಾಲು ಕಾಯಿಸಿ ಮರೆತು ಬಂದವರ ಮನೆಯ ಪಾತ್ರೆಯಲ್ಲಿರುವಂಥದೇ ಕೆನೆ.

ನೀರಿಗೆ ಎಣ್ಣೆ ಬಿದ್ದು, ಬಿಸಿಯಲ್ಲಿ ಕುಲುಕಾಡಿ, ಎರಡೂ ಹಟ ಬಿಟ್ಟು ಒಂದಾದರೆ ಹೀಗಾಗುತ್ತದೆ. ಇದಕ್ಕೆ ಎಮಲ್ಷನ್ ಅನ್ನುತ್ತಾರೆ. ಹಾಲು ಒಂದು ಎಮಲ್ಷನ್, ಮುಖಕ್ಕೆ ಹಚ್ಚುವ ಕ್ರೀಮು ಒಂದು ಎಮಲ್ಷನ್. ಪ್ರತಿವರ್ಷ ನಾನು ಇದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ನನ್ನದೇ ಕಾರಿನಲ್ಲಿ ಅದು ಕಣ್ಣೆದುರು ಕೂತಾಗ ಮಾತ್ರ "ಅಯ್ಯೋ, ಇದೇನು ಹೊಲಸು" ಅಂದೆ. ಇದ್ದ ಬಾಟಲಿ ನೀರನ್ನೆಲ್ಲ ಸುರಿದು, ನಿಧಾನಕ್ಕೆ ಮನೆ ಸೇರಿಕೊಂಡೆ.

ನಮ್ಮ ಯಜಮಾನರು ಅದರ ಫೋಟೋ ತೆಗೆದು ಶ್ರೀರಂಗಪಟ್ಟಣದ ಒಂದು ಗ್ಯಾರೇಜಿಗೆ ಕಳಿಸಿದರು. ಐದು ನಿಮಿಷದಲ್ಲಿ ತೀರ್ಪು ಬಂತು. ಹೆಡ್ ಗ್ಯಾಸ್ಕೆಟ್ ಹೋಗಿದೆ. ಎಂಜಿನ್ನಿನೊಳಗೆ ಆಯಿಲ್ಲಿನ ದಾರಿ ಬೇರೆ, ನೀರಿನ ದಾರಿ ಬೇರೆ. ಎರಡೂ ಬೆರೆಯದ ಹಾಗೆ ತಡೆಯುವ ತೆಳ್ಳನೆ ಹಾಳೆ ಅದು. ಹರಿದರೆ ಎಂಜಿನ್ ಬಿಚ್ಚಬೇಕು. ಹಳೇ ಕಾರಿಗೆ ಅದೆಲ್ಲ ದಂಡ ಅಂತ ಯಜಮಾನರು ಹಳೇ ಗಾಡಿ ಕೊಳ್ಳುವ ಅರಕೆರೆಯ ಒಬ್ಬರಿಗೆ ಫೋನು ಮಾಡಿ, ಭಾನುವಾರ ಬಂದು ನೋಡಿ ತಗೊಂಡು ಹೋಗಿ ಅಂದರು. ಫೋನಿಟ್ಟ ಮೇಲೆ, "ನೀನೇ ಎಂಜಿನ್ ಕಾಯಿಸಿರಬೇಕು" ಅಂತ ನನ್ನ ಕಡೆ ತಿರುಗಿದರು.

ನನಗೆ ಆ ರಾತ್ರಿ ಊಟ ಸೇರಲಿಲ್ಲ. ಕಾರು ಹೋದರೆ ಮತ್ತೆ ಬೆಳಗಿನ ಆರರ ಬಸ್ಸು, ನಡುವೆ ಇನ್ನೊಂದು ಬಸ್ಸು, ಕತ್ತಲಾದ ಮೇಲೆ ಮನೆ. ಅದನ್ನಾದರೂ ತಡೆದುಕೊಂಡೇನು. ಆದರೆ ದಿನಕ್ಕೆ ಎರಡು ಗಂಟೆ ನಾನೊಬ್ಬಳೇ, ಯಾರ ಸೊಸೆಯೂ ಯಾರ ಮೇಡಮ್ಮೂ ಆಗದೆ, ಕಿಟಕಿ ಇಳಿಸಿಕೊಂಡು ಹೋಗುವ ಸುಖ ಇತ್ತಲ್ಲ, ಅದು ಹೋಗುತ್ತದಲ್ಲ ಅಂತ ಅಳು ಬಂತು. ಮಾವನವರು ಆ ಹೊತ್ತಿನಲ್ಲೇ ಕೆ.ಆರ್.ಪೇಟೆಯ ಮಗಳ ಮನೆಯಲ್ಲಿ ಹತ್ತು ದಿನ ಇದ್ದು ವಾಪಸು ಬಂದರು. ಸುದ್ದಿ ಕೇಳಿ ಕೊಟ್ಟಿಗೆ ಕಡೆ ನಡೆದರು. ಅವರು ನನ್ನ ಕಾರಿನ ಬಗ್ಗೆ ಒಳ್ಳೇದು ಕೆಟ್ಟದ್ದು ಎರಡೂ ಆಡಿದವರಲ್ಲ. ಸೊಸೆ ಕಾರು ಓಡಿಸುವುದು ಅವರಿಗೆ ಹಿಡಿಸುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಶನಿವಾರ ಅರ್ಧ ದಿನ ರಜೆ ಹಾಕಿ, ಡಬ್ಬಿ ತುಂಬ ನೀರು ಹಾಕಿಕೊಂಡು, ಚಿನಕುರಳಿಯ ಜವರಪ್ಪನ ಶೆಡ್ಡಿಗೆ ಹೋದೆ. ಜವರಪ್ಪ ಪಂಪ್‌ಸೆಟ್ಟು, ಟ್ರಾಕ್ಟರು, ಕಲ್ಲು ಕೋರೆಯ ಲಾರಿ ರಿಪೇರಿ ಮಾಡುವ ಅರವತ್ತು ದಾಟಿದ ಮನುಷ್ಯ. ಕಾರು ಅಂದರೆ ಅವನಿಗೆ ಸ್ವಲ್ಪ ತಾತ್ಸಾರ.

ಅವನು ಕೆನೆಯ ಕಡೆ ನೋಡಲೇ ಇಲ್ಲ. ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆದು, ಬಟ್ಟೆಗೆ ಒರೆಸಿ, ಬಿಸಿಲಿಗೆ ಹಿಡಿದ. ಆಯಿಲ್ ಮುಚ್ಚಳ ಬಿಚ್ಚಿ ಅದರ ಒಳಮೈ ಸವರಿದ. ನೀರಿನ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿಸಿ, ಗುಳ್ಳೆ ಏಳುತ್ತದೋ ಅಂತ ಬಗ್ಗಿ ನೋಡುತ್ತ ನಿಂತ. ಹಿಂದಕ್ಕೆ ಹೋಗಿ ಸೈಲೆನ್ಸರಿನ ಹೊಗೆಗೆ ಅಂಗೈ ಒಡ್ಡಿದ. ನನ್ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿಯಾದರೂ ಇಷ್ಟು ಕ್ರಮವಾಗಿ ಕೆಲಸ ಮಾಡಿದ್ದರೆ ನೂರಕ್ಕೆ ನೂರು ಕೊಟ್ಟು ಕೈ ಮುಗಿಯುತ್ತಿದ್ದೆ.

ಕೊನೆಗೆ ಕೆನೆಯನ್ನು ಎರಡು ಬೆರಳಲ್ಲಿ ತೆಗೆದು ಉಜ್ಜಿದ. ಅದರೊಳಗಿನಿಂದ ಕೂದಲೆಳೆಯಷ್ಟು ತೆಳ್ಳನೆ ಸಿಬಿರೊಂದನ್ನು ಎತ್ತಿ ಪಕ್ಕಕ್ಕಿಟ್ಟ. ಒಂದು ತೊಟ್ಟು ಕೆನೆಯನ್ನು ಬಿಸಿ ಸೈಲೆನ್ಸರಿನ ಮೇಲೆ ಬಿಟ್ಟು, ಎದ್ದ ಹೊಗೆಯನ್ನು ಮೂಗಿಗೆ ಎಳೆದುಕೊಂಡು, ಕಣ್ಣು ಮುಚ್ಚಿದ.

"ಮೇಡಮ್ನೋರೆ, ಮನೇಲಿ ದನ ಅವಾ?" ಅಂದ.

ಕಾರಿಗೂ ದನಕ್ಕೂ ಏನು ಸಂಬಂಧ ಅಂತ ತಿಳಿಯದೆ, ಎರಡು ಹಸು, ಒಂದು ಜೊತೆ ಎತ್ತು ಇವೆ ಅಂದೆ.

"ಅಂಗನ್ನಿ. ಗ್ಯಾಸ್ಕೆಟ್ಟಿಗೆ ಏನೂ ಆಗಿಲ್ಲ. ಡೀಸೆಲ್ ಗಾಡಿ ಆಯಿಲ್ಲು ಕಾಡಿಗೆ ಇದ್ದಂಗೆ ಇರ್ತದೆ. ಇದು ಬೆಳ್ಳಗದೆ. ಇದು ಹುಚ್ಚೆಳ್ಳೆಣ್ಣೆ ಕಣಿ. ನಿಮ್ಮನೇಲಿ ಯಾರೋ ಗೊಟ್ಟದಲ್ಲಿ ನೀರು ಉಯ್ದವ್ರೆ."

ಗೊಟ್ಟ ಅಂದರೆ ದನಕ್ಕೆ ಎಣ್ಣೆ, ಔಷಧಿ ಕುಡಿಸುವ, ಬಾಯಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಡಬ್ಬಿಯ ಬಾಯಿ ಸಣ್ಣದು, ಚೊಂಬಿನಲ್ಲಿ ಹಾಕಿದರೆ ಚೆಲ್ಲುತ್ತದೆ. ಗೊಟ್ಟದಲ್ಲಾದರೆ ಒಂದು ಹನಿಯೂ ಚೆಲ್ಲುವುದಿಲ್ಲ. ಬಿದಿರು ಕುಡಿದಿದ್ದ ಎಣ್ಣೆ ಪ್ರತಿಸಲ ಇಷ್ಟಿಷ್ಟೇ ನೀರಿನ ಜೊತೆ ಇಳಿದಿದೆ. ಒಂದು ಬಿದಿರ ಸಿಬಿರು, ಒಂದು ವಾಸನೆ, ಇಷ್ಟರಲ್ಲೇ ಈ ಮನುಷ್ಯ ನಮ್ಮ ಕೊಟ್ಟಿಗೆಯವರೆಗೂ ಹೋಗಿ ಬಂದುಬಿಟ್ಟನಲ್ಲ ಅಂತ ನನಗೆ ಮೈ ಜುಮ್ಮೆಂದಿತು. ದೊಡ್ಡ ದೊಡ್ಡ ಪುಸ್ತಕ ಓದುವಾಗಲೂ ನನಗೆ ಹಾಗಾದದ್ದು ಕಡಿಮೆ.

ಅವನು ಅಷ್ಟಕ್ಕೇ ಬಿಡಲಿಲ್ಲ. ನೀರಿನ ಪೈಪಿಗೆ ಹಾಕಿದ ಕ್ಲಿಪ್ಪೊಂದು ಸಡಿಲವಾಗಿ, ಅಲ್ಲಿ ನೀರು ಒಸರಿ ಒಣಗಿದ ಬಿಳೀ ಗುರುತು ತೋರಿಸಿದ. "ತಿಂಗಳುಗಟ್ಲೆಯಿಂದ ಸೋರ್ತಾ ಅದೆ. ಯಾರೋ ದಿನಾ ನೋಡಿ ನೀರು ಉಯ್ದವ್ರೆ. ಉಯ್ದೆ ಇದ್ದಿದ್ರೆ ಗ್ಯಾಸ್ಕೆಟ್ಟು ಯಾವತ್ತೋ ಓಗ್ಬುಟ್ಟಿರೋದು, ಎಂಜಿನ್ನೂ ಕಚ್ಕೊಂಡು ನಿಂತೋಗಿರೋದು." ಕ್ಲಿಪ್ಪು ಬಿಗಿ ಮಾಡಿ, ಬಿಸಿನೀರಿಗೆ ಸೋಪಿನ ಪುಡಿ ಕಲಸಿ ನಾಲ್ಕು ಸಲ ಒಳಗೆಲ್ಲ ತೊಳೆದ. ಎಣ್ಣೆಯನ್ನು ಸೋಪು ಹೇಗೆ ಹಿಡಿದುಕೊಂಡು ಹೊರಗೆ ತರುತ್ತದೆ ಅನ್ನುವುದೂ ನನ್ನ ಸಿಲಬಸ್ಸಿನಲ್ಲೇ ಇದೆ. ನಾನು ಬಾಯಿ ಮುಚ್ಚಿಕೊಂಡು ಬಕೆಟ್ ಹಿಡಿದು ನಿಂತೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮಾವ ಕೆ.ಆರ್.ಪೇಟೆಯಲ್ಲಿದ್ದ ದಿನಗಳಲ್ಲೇ ನೀರು ತಳ ಕಂಡದ್ದು. ಮನೆಗೆ ಬಂದಾಗ ಅವರು ಹಸುವಿನ ಮೈ ತೊಳೆಯುತ್ತಿದ್ದರು. ಗೊಟ್ಟದಲ್ಲಿ ಕಾರಿಗೆ ನೀರು ಹಾಕುತ್ತಿದ್ದವರು ನೀವೇನಾ ಅಂತ ಮೆಲ್ಲಗೆ ಕೇಳಿದೆ. ಅವರ ಕೈ ಅಲ್ಲೇ ನಿಂತಿತು.

"ಅಂಗಾರೆ ನಾನೇ ಕೆಡಿಸ್ಬುಟ್ನಾ, ಅವ್ವಾ?"

ಇಲ್ಲ ಅಂದೆ. ಜವರಪ್ಪ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವರು ಹಸುವಿನ ಬೆನ್ನು ಸವರುತ್ತ ಅಂದರು, "ಒಂದಿನ ನೋಡ್ದೆ, ನೀರು ಇಳಿದಿತ್ತು. ನೀನು ಅಷ್ಟು ದೂರ ಓಯ್ತೀಯ, ಒಬ್ಳೇ. ನಡುದಾರೀಲಿ ನಿಂತೋದ್ರೆ ಏನ್ಗತಿ ಅಂತ ದಿನಾ ಬೆಳಿಗ್ಗೆ ಉಯ್ತಿದ್ದೆ." ಜವರಪ್ಪನ ವಿದ್ಯೆಗೆ ಬೆರಗಾಗಿ ಬಂದವಳಿಗೆ, ಆ ಬೆರಗೂ ಚಿಕ್ಕದಾಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮನುಷ್ಯನ ವಿಷಯದಲ್ಲಿ ನಾನು ಎಷ್ಟು ತಪ್ಪು ರೋಗ ಹೇಳಿಕೊಂಡಿದ್ದೆ.

ಭಾನುವಾರ ಅರಕೆರೆಯವರು ಬಂದರು. ಕಾರು ಸರಿಹೋಗಿದೆ, ಮಾರುವುದಿಲ್ಲ ಅಂತ ಹೇಳಲು ನಮ್ಮ ಯಜಮಾನರು ಮುಜುಗರದಿಂದ ತಡವರಿಸುತ್ತಿದ್ದರು. ಅಷ್ಟರಲ್ಲಿ ಮಾವ ಜಗಲಿಯಿಂದ ಎದ್ದು ಬಂದು, ಬಂದವರಿಗೆ ಕಾಫಿ ಕೊಡಿಸಿ, "ಕೊಡಾಕಿಲ್ಲ ಕಣಪ್ಪ, ಅದು ನಮ್ ಸೊಸೆ ಗಾಡಿ" ಅಂದರು. ಅದು ನನ್ನ ಗಾಡಿ ಅಂತ ಆ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.