ಕಾಲುವೆಯ ಮಗ್ಗುಲಲ್ಲಿ ಬತ್ತಿದ ಬಾವಿ

ಕೊರೊನಾ ಲಾಕ್‌ಡೌನ್ ತೆರವಾದ ಮರುವರ್ಷ ನಾನು ಇಂಡಿ ಪಟ್ಟಣದಲ್ಲಿ ಏತ ನೀರಾವರಿ ಕಾಲುವೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಆಗಿದ್ದೆ. ಸಹ್ಯಾದ್ರಿಯ ಮಳೆ ಕೃಷ್ಣೆಯಾಗಿ ಹರಿದು ಬಂದು ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಟರ್ಬೈನ್ ತಿರುಗಿಸಿ ವಿದ್ಯುತ್ ಕೊಟ್ಟ ನೀರು ಮತ್ತೆ ನದಿಗೇ ಸೇರುತ್ತದೆ. ನಮ್ಮ ಪಾಲಿನ ನೀರನ್ನು ಪಂಪ್‌ಗಳಿಂದ ಮೇಲೆತ್ತಿ ಬಸವನ ಬಾಗೇವಾಡಿಯ ಕಡೆಯಿಂದ ಉತ್ತರಕ್ಕೆ ಕಳಿಸಬೇಕಿತ್ತು. ನಡುವೆ ಒಂದು ದಿನ್ನೆ. ಅದರ ಈಚೆ ಬಿದ್ದ ಮಳೆ ಕೃಷ್ಣೆಗೆ, ಆಚೆ ಬಿದ್ದದ್ದು ಭೀಮೆಗೆ. ಆ ದಿನ್ನೆಯನ್ನು ಸೀಳಿ ನೀರು ದಾಟಿಸುವುದು ನನ್ನ ಹೊಣೆ. ಕರಿಗಲ್ಲು ಒಡೆದು ಹಲವು ಆಳುದ್ದ ತೆಗೆದ ಆ ಕಂದಕಕ್ಕೆ ನಾವು ಡೀಪ್ ಕಟ್ ಎನ್ನುತ್ತೇವೆ.

ದಿನ್ನೆಯ ಮೇಲೆ ರೇವಣಸಿದ್ದಪ್ಪ ಮತ್ತು ಅವರ ಹೆಂಡತಿ ಕಮಲವ್ವನವರ ನಿಂಬೆ ತೋಟವಿತ್ತು. ಕಾಲುವೆಗೆ ಅವರ ಹೊಲದ ಒಂದು ಪಟ್ಟಿ ಹೋಗಿತ್ತು, ಪರಿಹಾರವೂ ಬಂದಿತ್ತು. ತಕರಾರು ಮಾಡುವ ಜನವಲ್ಲ. ಕೆಲಸ ನೋಡಲು ಹೋದಾಗಲೆಲ್ಲ ಕಮಲವ್ವ ಕೂಗಿ ಕರೆದು ಶರಬತ್ತು ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಕಮಲವ್ವನವರೇ ನಮ್ಮ ಶೆಡ್ಡಿಗೆ ಬಂದರು. “ಅಕ್ಕಾರ, ಒಂದ್ ಸಲ ಬಂದ್ ನೋಡ್ರಿ. ಬಾವಿ ತಳಾ ಕಾಣಾಕತ್ತೈತಿ.”

ಹೋಗಿ ನೋಡಿದೆ. ಅಲ್ಲಿಂದ ಕಂದಕಕ್ಕಿಳಿದರೆ ಅವರ ತೋಟದ ಮಗ್ಗುಲಿನ ಬಂಡೆಯ ಬಿರುಕುಗಳಿಂದ ತಿಳಿನೀರು ಜಿನುಗುತ್ತಿತ್ತು. ಬಾವಿಗಿಂತ ಆಳವಾದ ಜಾಗ ಸಿಕ್ಕಿತೆಂದು ನೆಲದೊಳಗಿನ ನೀರು ಅತ್ತ ತಿರುಗಿತ್ತು. ಮುಚ್ಚಿಡದೆ ಹೇಳಿದೆ: “ನಿಮ್ಮ ಬಾವಿ ನೀರ ಕಾಲುವಿಗೆ ಇಳ್ಯಾಕತ್ತೈತ್ರಿ.”

“ಹಂಗಾದ್ರ ಆ ತೂತು ಮುಚ್ಚಿಬಿಡ್ರಿ,” ಎಂದರು ರೇವಣಸಿದ್ದಪ್ಪ.

ಮುಚ್ಚುವಂತಿರಲಿಲ್ಲ. ಕಾಲುವೆಯ ಗೋಡೆಗೆ ಕಾಂಕ್ರೀಟ್ ಹಾಕಿದರೂ ಹಿಂದಿನ ನೀರು ಹೊರಬರಲು ಸಣ್ಣ ಕಿಂಡಿ ಬಿಡಲೇಬೇಕು. ಇಲ್ಲದಿದ್ದರೆ ಒತ್ತಡಕ್ಕೆ ಗೋಡೆಯೇ ಒಡೆಯುತ್ತದೆ. ಬಾವಿಗೆ ಪರಿಹಾರ ಕೇಳಿ ಬರೆದೆ. ಅದು ಭೂಸ್ವಾಧೀನದ ಗಡಿಯ ಹೊರಗಿದೆ ಎಂದು ಉತ್ತರ ಬಂತು. ರೇವಣಸಿದ್ದಪ್ಪನವರು ಬೋರ್ ಹೊಡೆಸಿದರು, ಬರೀ ಧೂಳು ಎದ್ದಿತು. ಕಾಲುವೆಯಿಂದಲೇ ಒಂದು ಪೈಪಿಗೆ ಅನುಮತಿ ಕೊಡಿ ಎಂದು ನನ್ನ ಮೇಲಧಿಕಾರಿಯನ್ನು ಕೇಳಿದೆ.

“ಒಬ್ಬರಿಗೆ ಕೊಟ್ರ ನಾಳೆ ಕಾಲುವಿ ಗುಂಟ ಮೋಟಾರ್ ಇಳೀತಾವು. ಕೊನಿ ಊರಿನವ್ರು ಏನ್ ಕುಡೀಬೇಕ್ರಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಾಲುವೆಯ ಕೊನೆಯಲ್ಲಿದ್ದ ಹೊರ್ತಿಯ ಸುತ್ತಲಿನ ಕೆರೆಗಳು ಕುಡಿಯುವ ನೀರಿಗೆಂದೇ ಕಾಯುತ್ತಿದ್ದವು. ಜಗಳವಾಡಲು ನನಗೆ ಎದುರಾಳಿಯೇ ಇಲ್ಲದಂತಾಯಿತು.

ಮುಂದಿನ ಬೇಸಿಗೆಗೆ ಕಾಲುವೆಯಲ್ಲಿ ನೀರು ಬಂತು. ರೇವಣಸಿದ್ದಪ್ಪ ಯಾರಿಗೂ ಹೇಳದೆ ಒಂದು ಮೋಟಾರ್ ಇಳಿಸಿದರು. ವಾರ ಕಳೆಯುವುದರೊಳಗೆ, ದಂಡೆಯುದ್ದಕ್ಕೂ ಇಳಿದಿದ್ದ ಎಲ್ಲ ಮೋಟಾರ್ ತೆಗೆಸಿ ಎಂಬ ಆದೇಶ ನನ್ನ ಕೈಗೆ ಬಂತು. ಪೊಲೀಸರೊಂದಿಗೆ ದಿನ್ನೆ ಹತ್ತಿದಾಗ ಕಮಲವ್ವ ಪೈಪಿನ ಮುಂದೆ ನಿಂತಿದ್ದರು.

“ಈ ನೀರಾಗ ನಮ್ಮ ಬಾವಿ ನೀರೂ ಐತಿ ಅಂತ ನೀವ ಹೇಳಿದ್ರಿ. ಅಷ್ಟಾದ್ರೂ ತಗೊಳ್ಳಾಕ ಬಿಡ್ರಿ, ಅಕ್ಕಾರ.”



“ಅವರನ್ನ ಯಾಕ ಕಾಡ್ತಿ? ಅವರ ಕೈಯಾಗ ಏನೈತಿ?” ಎಂದು ರೇವಣಸಿದ್ದಪ್ಪನವರೇ ಸ್ವಿಚ್ ಆರಿಸಿ, ಪೈಪ್ ಎಳೆದು ದಂಡೆಗೆ ಹಾಕಿದರು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ಆ ಬೇಸಿಗೆಯಲ್ಲೇ ನೀರು ದಿನ್ನೆ ದಾಟಿ ಹೊರ್ತಿ ಕಡೆಯ ಕೆರೆ ಮುಟ್ಟಿತು. ಅಲ್ಲಿಯ ಹೆಣ್ಣುಮಕ್ಕಳು ನನಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ಅವರ ಸಂತೋಷ ನಿಜವಾದದ್ದೇ. ಬೇರೆ ದಾರಿಯಿದ್ದರೂ ದಿನ್ನೆಯ ಮೇಲಿನಿಂದಲೇ ಮರಳಿದೆ. ನಿಂಬೆ ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಮಳೆಗಾಲಕ್ಕೆ ಅವನ್ನು ಕಡಿಸಿ ತೊಗರಿ ಬಿತ್ತಿದರಂತೆ. ಕಮಲವ್ವ ಸಾಲೋಟಗಿಯ ಕಡೆ ಬೇರೆಯವರ ತೋಟಕ್ಕೆ ನಿಂಬೆಹಣ್ಣು ಬಿಡಿಸಲು ಹೋಗುತ್ತಾರೆಂದು ಆಮೇಲೆ ಕೇಳಿದೆ.

ಅಲ್ಲಿಂದ ನಿವೃತ್ತಿಯವರೆಗೂ ಎಲ್ಲಿ ಕಂದಕ ತೆಗೆಯುವುದಿದ್ದರೂ ಮೊದಲು ಆಸುಪಾಸಿನ ಬಾವಿಗಳನ್ನು ನೋಡಲು ಹೋಗುತ್ತಿದ್ದೆ. ನಕ್ಷೆ ಬದಲಿಸುವ ಅಧಿಕಾರ ನನಗಿರಲಿಲ್ಲ. ಬಾವಿಯವರ ಕಟ್ಟೆಯ ಮೇಲೆ ಕೂತು, ಕಂದಕ ತೆಗೆದರೆ ಈ ಬಾವಿಯ ನೀರು ಹೋಗಬಹುದು ಎಂದು ಮುಂಚಿತವಾಗಿ ಹೇಳುತ್ತಿದ್ದೆ. ಹೇಳಿ ಎದ್ದು ಬರುತ್ತಿದ್ದೆ.