ತಮ್ಮನ ಹೆಸರಿನಲ್ಲಿ ಮುರಿದ ಕಾಲು

ಮೌನಪ್ಪನ ಕಾಲು ಮುರಿದದ್ದು ನಿಜ. ಆದರೆ ಕಾಗದದ ಮೇಲೆ ಮುರಿದದ್ದು ಅವನ ತಮ್ಮನ ಕಾಲು. ಅದನ್ನು ಮೊದಲು ಕಂಡವಳು ನಾನು. ಕಂಡ ಗಾಬರಿಗೆ ಕಪ್ಪಿನ ಚಹಾವನ್ನೆಲ್ಲ ಕೀಬೋರ್ಡಿನ ಮೇಲೆ ಚೆಲ್ಲಿಕೊಂಡವಳೂ ನಾನೇ.

ನನ್ನ ಹೆಸರು ಸುಭದ್ರಾ. ಮೂಲ ಭಾಲ್ಕಿ ಕಡೆ, ಅಪ್ಪನ ಸರ್ಕಾರಿ ನೌಕರಿಯಿಂದಾಗಿ ಹೈದರಾಬಾದಿನವಳಾದೆ. ವಕೀಲ ವಿಶ್ವಜಿತ್ ಅವರ ಕಚೇರಿಯಲ್ಲಿ ಹದಿನೆಂಟು ವರ್ಷಗಳಿಂದ ಟೈಪಿಂಗ್ ಕುಟ್ಟುತ್ತಿದ್ದೇನೆ. ಬರುವುದೆಲ್ಲ ಅಪಘಾತದ ಪರಿಹಾರದ ಕೇಸುಗಳು. ಕನ್ನಡದವರು ಯಾರೇ ಬರಲಿ, ಸಾಹೇಬರು ನನ್ನ ಮೇಜಿನ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತಾರೆ. ಮೌನಪ್ಪ ನನ್ನ ಪಾಲಿಗೆ ಬಂದದ್ದು ಹಾಗೆ.

ಯಾದಗಿರಿ ಕಡೆಯವನು. ಸೆಂಟ್ರಿಂಗ್ ಕೆಲಸ. ಮಣಿಕೊಂಡದ ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳಿಗೆ ಹಲಗೆ ಕಟ್ಟಿದವನು, ಇರುವುದು ಮಾತ್ರ ಜೀಡಿಮೆಟ್ಲಾದ ತಗಡಿನ ಖೋಲಿಯಲ್ಲಿ. ಮೇಸ್ತ್ರಿಯ ಜೊತೆ ತೆಲುಗು, ಆಟೋದವರ ಜೊತೆ ಹಿಂದಿ, ಹೆಂಡತಿ ಯಂಕಮ್ಮನ ಜೊತೆ ಕನ್ನಡ. ಮೂರರಲ್ಲೂ ಮಾತು ಕಡಿಮೆಯೇ. ಕಚೇರಿಗೆ ಬಂದರೆ ಊರುಗೋಲಿನ ಮೇಲೆ ನಿಂತೇ ಇರುತ್ತಿದ್ದ.

"ಕುಂದರೋ ಮಾರಾಯಾ, ಕುರ್ಚಿ ಏನ್ ಕಡೀತದೇನು?" ಎಂದು ಗದರಿದರೆ, "ಕುಂತರ ಏಳೂದು ತ್ರಾಸ ಆಕೈತ್ರಿ ಅಕ್ಕಾರ" ಎಂದು ನಗುತ್ತಿದ್ದ.

ಅಪಘಾತದಲ್ಲಿ ಸುತ್ತುಬಳಸು ಏನೂ ಇರಲಿಲ್ಲ. ಬೆಳಗಿನ ಆರೂವರೆಗೆ ಸೈಕಲ್ಲಿನಲ್ಲಿ ಔಷಧ ಫ್ಯಾಕ್ಟರಿಯ ಕಡೆ ಹೊರಟಿದ್ದಾಗ ಸಾಮಾನಿನ ವ್ಯಾನೊಂದು ಹಿಂದಿನಿಂದ ಗುದ್ದಿತ್ತು. ಬಲಗಾಲು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ರಾಡ್ ಹಾಕಿದರು. ಈಗ ರಾಡಿನ ಸುತ್ತ ಕೀವಾಗಿತ್ತು. ಇನ್ನೊಂದು ಆಪರೇಷನ್ ಆಗದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ವ್ಯಾನಿಗೆ ವಿಮೆ ಇತ್ತು. ವಿಮಾ ಕಂಪನಿ ಪರಿಹಾರ ಕೊಟ್ಟರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಸೆಂಟ್ರಿಂಗಿನವನಿಗೆ ಔಷಧ ಫ್ಯಾಕ್ಟರಿಯಲ್ಲಿ ಏನು ಕೆಲಸ ಎಂದು ಆಗಲೇ ಕೇಳಬೇಕಿತ್ತು. ನನ್ನ ತಲೆಗೆ ಹೊಳೆಯಲಿಲ್ಲ. ಟೈಪ್ ಮಾಡಲು ಆಸ್ಪತ್ರೆಯ ಕಾಗದ ಬಿಚ್ಚಿದರೆ ರೋಗಿಯ ಹೆಸರು ಗುರುಶಾಂತ. ಎಕ್ಸ್-ರೇ ಮೇಲೂ ಗುರುಶಾಂತ. ಪೊಲೀಸರ ಎಫ್‌ಐಆರ್ ತೆಗೆದೆ, ಅಲ್ಲೂ ಅವನೇ!

"ಯಾರಪ್ಪಾ ಇಂವಾ?"

"ನನ್ನ ತಮ್ಮರಿ."

"ಅವನ ಕಾಲೂ ಮುರದದೇನು?"

"ಇಲ್ರಿ, ಅವ ಆರಾಮ ಅದಾನ್ರಿ."

ಅಯ್ಯೋ ದೇವರೇ! ಆಮೇಲೆ ಗೊತ್ತಾಯಿತು. ಗುರುಶಾಂತ ಆ ಫ್ಯಾಕ್ಟರಿಯಲ್ಲಿ ಗುತ್ತಿಗೆಯ ಕೆಲಸಗಾರ. ಹೆಂಡತಿಯ ಹೆರಿಗೆಗೆಂದು ಎಂಟು ದಿನ ಊರಿಗೆ ಹೋಗಿದ್ದ. ಮೂರು ದಿನ ಗೈರಾದರೆ ಗುತ್ತಿಗೆದಾರ ಹೆಸರು ಹೊಡೆದುಹಾಕುತ್ತಾನೆ, ಅದೂ ಆ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರು ಮಾಡುವುದು ಒಂದೇ, ಮನೆಯವರೊಬ್ಬರು ಬದಲಿಗೆ ಹೋಗುವುದು. ಅಣ್ಣ ತಮ್ಮನ ಗೇಟ್ ಪಾಸು ಕೊರಳಿಗೆ ಹಾಕಿಕೊಂಡು ಹೊರಟ. ಫೋಟೋ ಮಾಸಿತ್ತು, ಮುಖ ಒಂದೇ ತರಹ. ರಸ್ತೆಯಲ್ಲಿ ಎಚ್ಚರ ತಪ್ಪಿ ಬಿದ್ದವನ ಕೊರಳಲ್ಲಿದ್ದ ಹೆಸರನ್ನೇ ಆಸ್ಪತ್ರೆಯವರು ಬರೆದುಕೊಂಡರು.

"ಎಚ್ಚರಾದ ಮ್ಯಾಲರ ಹೇಳಬಾರದೇನೋ?" ಎಂದು ಕಿರುಚಿದೆ.

"ಹೇಳಿದ್ರ, ಪಾಸ್ ಕೊಟ್ಟಾನಂತ ಅವನ ನೌಕರಿ ಹೋಗತಿತ್ತಲ್ರಿ."

ಅರ್ಜಿಯನ್ನು ಮೌನಪ್ಪನ ಹೆಸರಿನಲ್ಲೇ ಹಾಕಿದೆವು. ವಿಮಾ ಕಂಪನಿಯವರು ಸುಮ್ಮನಿರುತ್ತಾರೆಯೇ? ಅವರ ಮನುಷ್ಯ ಫ್ಯಾಕ್ಟರಿಗೇ ಹೋಗಿ ಬಂದ. ಕಾಲು ಮುರಿದಿದೆಯೆಂದು ಕಾಗದವಿರುವ ಗುರುಶಾಂತ ಅಪಘಾತದ ಮೂರನೇ ದಿನಕ್ಕೇ ಊರಿಂದ ಓಡಿಬಂದು ಹಾಜರಿ, ಎರಡೂ ಕಾಲಿನ ಮೇಲೆ ನಿಂತು ಡ್ರಮ್ಮು ಹೊರುತ್ತಿದ್ದಾನೆ. ಇತ್ತ ಮೌನಪ್ಪನ ಹೆಸರಿನಲ್ಲಿ ಒಂದು ಚೀಟಿಯೂ ಇಲ್ಲ. ಇವನು ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡವನು, ಅಣ್ಣತಮ್ಮಂದಿರು ಸೇರಿ ಕಾಗದ ಹುಟ್ಟಿಸಿದ್ದಾರೆ ಎಂದು ಅವರ ವಕೀಲರು ಬರೆದು ಹಾಕಿದರು.

ಸಾಹೇಬರು ಹೇಳಿದ್ದು ಒಂದೇ ಮಾತು. ಗುರುಶಾಂತ ಕೋರ್ಟಿಗೆ ಬಂದು, ಅಂದು ಸೈಕಲ್ ಮೇಲಿದ್ದವನು ನಾನಲ್ಲ, ಅಣ್ಣ ಎಂದು ಹೇಳಬೇಕು.

"ಬ್ಯಾಡ್ರಿ ಸಾಹೇಬ್ರ" ಎಂದ ಮೌನಪ್ಪ. ಯಂಕಮ್ಮ ಸುಮ್ಮನಿರಲಿಲ್ಲ. ಗಂಡನ ಕೈಯಿಂದ ಫೋನು ಕಿತ್ತುಕೊಂಡು, ನಮ್ಮೆಲ್ಲರ ಎದುರೇ ಮೈದುನನಿಗೆ ಹಚ್ಚಿದಳು. "ನಿಮ್ಮಣ್ಣನ ಕಾಲ ಕಡೀತಾರಂತ. ಬರ್ತಿಯೋ ಇಲ್ಲೋ?" ಅವನು ಬರುತ್ತೇನೆ ಎಂದ.

ಬಂದ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಟಕಟೆಯಲ್ಲಿ ನಿಂತ. ಅಣ್ಣನ ಮುಖ ಒಮ್ಮೆಯೂ ನೋಡಲಿಲ್ಲ. ತೆಲುಗಿನಲ್ಲಿ, ಬಾಯಿಪಾಠ ಒಪ್ಪಿಸುವಂತೆ ಹೇಳಿದ:

"ಆ ದಿನ ನಾನು ಊರಲ್ಲಿದ್ದೆ. ಸೈಕಲ್ ಮೇಲಿದ್ದವನು ನಮ್ಮಣ್ಣ. ಪಾಸು ನಾನು ಕೊಟ್ಟದ್ದಲ್ಲ. ನಾನಿಲ್ಲದಾಗ ಪೆಟ್ಟಿಗೆಯಿಂದ ಕದ್ದು ಒಯ್ದಿದ್ದಾನೆ."

ಕದ್ದು! ಸಾಹೇಬರ ಪೆನ್ನು ನಿಂತೇಬಿಟ್ಟಿತು. ಎದ್ದು ನಿಂತ ಯಂಕಮ್ಮನನ್ನು ಸೆರಗು ಹಿಡಿದು ಕೂರಿಸಿದೆ. ನ್ಯಾಯಾಧೀಶರು ಮೌನಪ್ಪನ ಕಡೆ ತಿರುಗಿ, ಇದು ನಿಜವೇ ಎಂದರು.

"ಹೌದು ಸರ್. ಕದ್ದಿದ್ದೆ" ಎಂದ ಮೌನಪ್ಪ. ಒಂದು ಚೂರೂ ತಡವರಿಸಲಿಲ್ಲ.

ಕಳ್ಳನಾದರೂ ಕಾಲು ಮುರಿದದ್ದು ಇವನದೇ ಎಂಬುದು ಆ ಮಾತಿನಿಂದ ಗಟ್ಟಿಯಾಯಿತು. ಮುಂದಿನ ತಿಂಗಳು ಆದೇಶ ಬಂತು, ವಿಮಾ ಕಂಪನಿ ಪರಿಹಾರ ಕೊಟ್ಟಿತು, ಆಪರೇಷನ್ನೂ ಆಯಿತು. ಆದೇಶದ ಪ್ರತಿಯಲ್ಲಿ ಅರ್ಜಿದಾರನು ಪಾಸನ್ನು ಕದ್ದುದಾಗಿ ಒಪ್ಪಿಕೊಂಡಿದ್ದಾನೆ ಎಂದು ಇವತ್ತಿಗೂ ಇದೆ. ಆದರೆ ನಾನು ಹೇಳಬೇಕಾದದ್ದು ಅದೇ ದಿನ ಕೋರ್ಟಿನ ವರಾಂಡದಲ್ಲಿ ನಡೆದದ್ದನ್ನು.

ಹೊರಗೆ ಬಂದವಳೇ ಯಂಕಮ್ಮ ಮೈದುನನ ಅಂಗಿ ಹಿಡಿದಳು. "ನಿನ್ನ ಹೆಣಾ ಎತ್ಲಿ! ಸಣ್ಣಾಂವ ಇದ್ದಾಗಿಂದ ಜ್ವಾಪಾನ ಮಾಡಿದಾಂವ ನಿನಗ ಕಳ್ಳ ಆದ್ನಾ?" ನಾನೂ ಬಿಡಲಿಲ್ಲ. ನಾಚಿಕೆ ಮಾನ ಇದೆಯೇನೋ ಎಂದು ಬಾಯಿಗೆ ಬಂದಂತೆ ಬೈದೆ. ಪಕ್ಕದ ಕೋರ್ಟಿನ ಜನ ತಿರುಗಿ ನೋಡಿದರು.

ಗುರುಶಾಂತ ಗೊಳೋ ಎಂದು ಅತ್ತ. "ನಾ ಒಲ್ಲೆ ಅಂದ್ನಿ ವೈನಿ, ಕಾಲ ಹಿಡ್ಕೊಂತೀನಿ ಒಲ್ಲೆ ಅಂದ್ನಿ. ನಿನ್ನಿ ಅಣ್ಣನೇ ಫೋನ್ ಮಾಡಿ, ಹಿಂಗೇ ಹೇಳು ಅಂದ. ಇಲ್ಲಂದ್ರ ಕೇಸ್ ವಾಪಸ್ ತೊಗೊಂತೀನಿ, ಕಾಲ ಹೋದ್ರ ಹೋಗ್ಲಿ ಅಂದ."

ಯಂಕಮ್ಮನ ಕೈ ಅಂಗಿಯಿಂದ ಸಡಿಲವಾಯಿತು. ಹದಿನೆಂಟು ವರ್ಷಗಳಲ್ಲಿ ಪರಿಹಾರಕ್ಕಾಗಿ ಸುಳ್ಳು ಹೇಳಿದವರನ್ನು ಎಷ್ಟೋ ಕಂಡಿದ್ದೇನೆ. ತನ್ನ ಮೇಲೆ ತಾನೇ ಸುಳ್ಳು ಹೊರಿಸಿಕೊಂಡವನನ್ನು ಕಂಡಿರಲಿಲ್ಲ. ಸಿಟ್ಟು ಬಂತು, ಅಳು ಬಂತು, ಯಾರ ಮೇಲೆ ಹಾಯಬೇಕೋ ತಿಳಿಯದೆ ಮೌನಪ್ಪನ ಮೇಲೇ ಹಾಯ್ದೆ.

"ನಿನಗೇನ್ ತಲಿ ಕೆಟ್ಟದೇನು? ಕಳ್ಳ ಅಂತ ಬರಸ್ಕೊಂಡ್ಯಲ್ಲೋ!"

ಅವನು ಊರುಗೋಲಿನ ಮೇಲೆ ಭಾರ ಹಾಕಿ ತಮ್ಮನ ಕಡೆ ನೋಡುತ್ತಿದ್ದ.

"ಮತ್ತೇನ ಮಾಡ್ಲಿರಿ ಅಕ್ಕಾರ? ನನ್ನ ಕಾಲೂ ಉಳೀಬೇಕಿತ್ತು, ಅವನ ನೌಕರೀನೂ ಉಳೀಬೇಕಿತ್ತು. ಇಬ್ಬರಾಗ ಒಬ್ಬಾಂವ ಕಳ್ಳ ಆಗಬೇಕಿತ್ರಿ. ದೊಡ್ಡಾಂವ ನಾನ ಅಲ್ಲೇನ್ರಿ?"