ಪಂಜರದಕ್ಕನ ಸಹಿ

ಚೆಂಡು ಬಿದ್ದ ಜಾಗ ನೋಡಿ, ಹೊಡೆದವನ ಮಣಿಕಟ್ಟು ಎಲ್ಲಿ ತಪ್ಪಿತು ಎಂದು ಹೇಳಬಲ್ಲವಳು ನಮ್ಮ ಗಾಲ್ಫ್ ಮೈದಾನದಲ್ಲಿ ಒಬ್ಬಳೇ ಇದ್ದಳು. ಅವಳು ಕೋಚ್ ಅಲ್ಲ, ಬಿದ್ದ ಚೆಂಡು ಹೆಕ್ಕುವ ಗಾಡಿಯನ್ನು ಓಡಿಸುವವಳು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಅವಳು ಹೆಕ್ಕಿ ತಂದದ್ದನ್ನು ತೊಳೆದು ಬುಟ್ಟಿಗೆ ತುಂಬುವವನು ನಾನು. ಮಣ್ಣಾದದ್ದನ್ನು ಬೆಳ್ಳಗೆ ಮಾಡಿಕೊಡುವುದು, ಅವರು ಮತ್ತೆ ಮಣ್ಣು ಮಾಡಲಿ ಎಂದು. ಇಂಥ ಕೆಲಸಕ್ಕೆ ತಲೆ ಬೇಕಿಲ್ಲ, ಬೆನ್ನು ಗಟ್ಟಿಯಿದ್ದರೆ ಆಯಿತು.

ಈ ಆಟ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಭ್ಯಾಸಕ್ಕೆ ಬಂದವರು ಸಾಲಾಗಿ ಹಾಸಿದ ಚಾಪೆಗಳ ಮೇಲೆ ನಿಂತು ಎದುರಿನ ಬಯಲಿಗೆ ಚೆಂಡು ಹೊಡೆಯುತ್ತಾರೆ. ಬಯಲಿನಲ್ಲಿ ಐವತ್ತು, ನೂರು, ನೂರೈವತ್ತು ಮೀಟರ್ ಎಂದು ಬೋರ್ಡುಗಳಿವೆ. ಬಿದ್ದ ಚೆಂಡುಗಳಿಂದ ಹುಲ್ಲೆಲ್ಲ ಬೆಳ್ಳಗಾಗುವ ಹೊತ್ತಿಗೆ ಚೆಂಡಿನ ಗಾಡಿ ಹೊರಡುತ್ತದೆ. ಆಗ ಹೊಡೆಯುವುದನ್ನು ಯಾರೂ ನಿಲ್ಲಿಸುವುದಿಲ್ಲ, ದುಡ್ಡು ಕೊಟ್ಟು ಬಂದವರಲ್ಲವೇ. ಅದಕ್ಕೇ ಗಾಡಿಯ ಸೀಟಿನ ಸುತ್ತ ತಂತಿ ಬಲೆ ಕಟ್ಟಿದ್ದಾರೆ. ಗಾಡಿಗೆ ಗುರಿಯಿಡಬಾರದು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಓದಿದವರು ಮೊದಲು ಗುರಿಯಿಡುವುದೇ ಅದಕ್ಕೆ. ಊರಲ್ಲಿ ಹೆಸರಾದ ಡಾಕ್ಟರು, ವಕೀಲರು, ಠಣ್ ಎಂದು ಬಲೆಗೆ ಬಡಿದ ಕೂಡಲೇ ಮಕ್ಕಳಂತೆ ಕುಣಿಯುತ್ತಾರೆ. ಒಳಗೆ ಕೂತವಳಿಗೂ ಒಂದು ಮೈಯಿದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಹೀಗೆ ಅವಳು ಪಂಜರದಕ್ಕ ಆದಳು. ನಾನು ಬರೀ ಅಕ್ಕ ಎನ್ನುತ್ತಿದ್ದೆ. ಚೆಂಡು ಬಲೆಗೆ ಬಡಿಯುವ ಸದ್ದಿಗೆ ಅವಳ ಎಡಗಿವಿ ಮಂದವಾಗಿತ್ತು. ಗಂಡ ದರ್ಜಿ, ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಸಂಸಾರ. "ಉಪ್ಪು ಕೇಳಿದ್ರೂ ನಿಮ್ಮಕ್ಕ ನೂರೈವತ್ತು ಮೀಟರಿಗೆ ಕೇಳ್ಸೋ ಹಾಗೆ ಕೂಗ್ತಾಳಪ್ಪ. ಕೆಳಗೆ ಅಳತೆ ಕೊಡ್ತಾ ನಿಂತೋರು ಬೆಚ್ಚಿಬೀಳ್ತಾರೆ, ನನ್ನ ಟೇಪು ಎರಡಿಂಚು ಜಾರತ್ತೆ" ಎಂದು ಭಾವ ನನ್ನ ಹತ್ತಿರ ದೂರುತ್ತಿದ್ದ.

ಆದರೆ ಒಂದು ಮಾತು ಒಪ್ಪಬೇಕು. ಕೋಚುಗಳು ಆಟಗಾರನ ಬೆನ್ನು ನೋಡುತ್ತಾರೆ. ಅಕ್ಕ ಇಪ್ಪತ್ತೆರಡು ವರ್ಷ ಎಲ್ಲರನ್ನೂ ಎದುರಿನಿಂದ ನೋಡಿದ್ದಳು. ಯಾರ ಭುಜ ಯಾವಾಗ ಏಳುತ್ತದೆ, ಯಾರು ಹೊಡೆಯುವ ಮುಂಚೆ ಉಸಿರು ಕಟ್ಟುತ್ತಾರೆ, ಎಲ್ಲ ಬಾಯಿಪಾಠ. ಅವಳಿಗಿದ್ದ ಆಸೆ ಒಂದೇ. ಆ ಪಂಜರದಿಂದ ಇಳಿದು, ಚಾಪೆಯ ಈಚೆಗೆ ನಿಂತು, ಮಕ್ಕಳಿಗೆ ಕಲಿಸಬೇಕು. ಮೂವರು ಮ್ಯಾನೇಜರುಗಳನ್ನು ಕೇಳಿದಳು. ಮೂವರೂ ನಕ್ಕರು, ಮೂರನೆಯವನು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

ಒಂದೂವರೆ ವರ್ಷದ ಹಿಂದೆ 'ಗಾಲ್ಫ್‌ನಿಂದ ಬದುಕಿನ ಪಾಠ' ಎಂಬ ಬ್ಯಾನರು ಗೇಟಿಗೆ ಬಂತು. ಯಾವುದೋ ಕಂಪನಿಯವರ ಖರ್ಚು. ಶನಿವಾರ ಬೆಳಿಗ್ಗೆ ಸುತ್ತಲಿನ ಎರಡು ಶಾಲೆಗಳಿಂದ ಇಪ್ಪತ್ತನಾಲ್ಕು ಮಕ್ಕಳು ಬರುತ್ತಿದ್ದರು. ಟೋಪಿ ಹಾಕಿದ ಒಬ್ಬ ಎಳೆ ಕೋಚ್ ಅವರಿಗೆ ಕಲಿಸುತ್ತಿದ್ದ. ತಿಂಗಳಿಗೊಮ್ಮೆ ಪ್ರತಿ ಮಗುವಿಗೂ ಒಂದು ಹಾಳೆ: ಪ್ರಾಮಾಣಿಕತೆ, ಸಹನೆ, ಗೌರವ, ಆತ್ಮಸಂಯಮ, ಒಂದೊಂದಕ್ಕೂ ಐದು ಅಂಕ. ನನ್ನ ಮದುವೆಯ ಮುಂಚೆ ಇಂಥದೊಂದು ಹಾಳೆ ಹೆಣ್ಣಿನ ಕಡೆಯವರ ಕೈಗೆ ಸಿಕ್ಕಿದ್ದರೆ ನಾನು ಇವತ್ತಿಗೂ ಒಂಟಿ.

ಆ ಮಕ್ಕಳಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯಿದ್ದಳು. ಎಡಗೈಯವಳು, ಅದಕ್ಕೇ ಎಲ್ಲರ ಬಾಯಲ್ಲೂ ಎಡಚಿ. ಎಡಗೈಯವರ ಕೋಲು ನಮ್ಮಲ್ಲಿರಲಿಲ್ಲ, ಕೋಚ್ ಅವಳನ್ನು ಚೆಂಡು ಎಣಿಸಲು ಕೂರಿಸಿದ್ದ. ಅಕ್ಕ ಅದನ್ನು ಎರಡು ವಾರ ಪಂಜರದೊಳಗಿಂದ ನೋಡಿದಳು. ಮೂರನೇ ವಾರ, ಜನ ಮರೆತು ಹೋದ ವಸ್ತುಗಳ ಕೋಣೆಯನ್ನು ಜಾಲಾಡಿ, ತುಕ್ಕು ಹಿಡಿದ ಎಡಗೈ ಕೋಲೊಂದನ್ನು ಹೊರತೆಗೆದಳು. ನನ್ನ ಗರಗಸದಲ್ಲಿ ಅದನ್ನು ಕುಯ್ದು ಗಿಡ್ಡ ಮಾಡಿಸಿ, ಹಿಡಿಗೆ ಭಾವನ ಅಂಗಡಿಯ ಪಟ್ಟಿ ಸುತ್ತಿದಳು. ಮಧ್ಯಾಹ್ನ ಕೋಚ್ ಹೊರಟ ಮೇಲೆ ಇಬ್ಬರೂ ನನ್ನ ತೊಳೆಯುವ ಶೆಡ್ಡಿನ ಪಕ್ಕದ ಕೊನೆಯ ಚಾಪೆಯಲ್ಲಿ ಅಭ್ಯಾಸ ಮಾಡುತ್ತಿದ್ದರು.

"ಈ ಆಟಕ್ಕೆ ಅಂಪೈರ್ ಇಲ್ಲ ಕಣೇ" ಎಂದು ಅಕ್ಕ ಕೂಗುತ್ತಿದ್ದಳು, ಮೆಲ್ಲಗೆ ಹೇಳುವುದು ಅವಳಿಗೆ ಬಾರದು. "ಕೋಲು ಬೀಸಿದ್ಯಾ, ಚೆಂಡಿಗೆ ತಗಲ್ಲಿಲ್ವಾ, ಆದ್ರೂ ಅದು ಒಂದು ಹೊಡೆತಾನೇ. ಯಾರೂ ನೋಡಿರಲ್ಲ. ನೀನೇ ಬಾಯಿಬಿಟ್ಟು ಎಣಿಸ್ಬೇಕು."

ಎಡಚಿ ಬೀಸಿದಳು. ಕೋಲು ಗಾಳಿಯನ್ನಷ್ಟೇ ಸವರಿತು. "ಒಂದು!" ಎಂದು ಕಿರುಚಿದಳು. ಮತ್ತೆ ಬೀಸಿದಳು. "ಎರಡು!" ಮನೆಗೆ ಹೊರಟಿದ್ದ ಉಳಿದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಅದರ ಗೊಡವೆಯೇ ಇರಲಿಲ್ಲ. ಏಳನೆಯದು ಐವತ್ತರ ಬೋರ್ಡಿನ ಕಾಲಿಗೆ ಹೋಗಿ ಬಡಿದಾಗ ಅವಳು "ಏಳು, ಅಕ್ಕಾ, ಏಳು!" ಎಂದಳು. ಅಕ್ಕ ಅವತ್ತು ಅತ್ತಳು. ಕಣ್ಣಿಗೆ ಧೂಳು ಬಿತ್ತು ಎಂದಳು, ನಾನೂ ಹೌದೌದು ಎಂದೆ.

ಒಂದು ವರ್ಷದಲ್ಲಿ ಎಡಚಿಯ ಗುರಿ ಎಷ್ಟು ಪಳಗಿತೆಂದರೆ, ಅದೇ ಅನಾಹುತಕ್ಕೆ ಕಾರಣವಾಯಿತು. ಗಾಡಿಯ ಬಲಗಡೆಯ ಬಲೆ ಮೂಲೆಯಲ್ಲಿ ಅಂಗೈಯಗಲ ಹರಿದಿತ್ತು. ಅಕ್ಕ ಮೂರು ಸಲ ಕಾಗದ ಬರೆದುಕೊಟ್ಟಿದ್ದಳು. ಕೊನೆಗೆ ತಾನೇ ಒಂದು ಹಗ್ಗ ಕಟ್ಟಿಕೊಂಡಿದ್ದಳು. ಆ ಶನಿವಾರ ಕೋಚ್ ಫೋನಿನಲ್ಲಿದ್ದ. ಗಾಡಿಗೆ ಹೊಡೆದು ತೋರಿಸು ನೋಡೋಣ ಎಂದು ಹುಡುಗರು ಎಡಚಿಯನ್ನು ಕೆಣಕಿದರು. ವಾರವಾರ ದೊಡ್ಡವರು ಮಾಡುವುದನ್ನೇ ನೋಡಿದ ಮಗು. ಒಂದೇ ಹೊಡೆತ. ಚೆಂಡು ಆ ಹರಕಿನಲ್ಲೇ ನುಗ್ಗಿ ಅಕ್ಕನ ಹುಬ್ಬಿನ ಮೇಲೆ ಬಡಿಯಿತು.

ನಾನು ಶೆಡ್ಡಿನೊಳಗಿದ್ದೆ, ಏನೂ ನೋಡಲಿಲ್ಲ. ಕೂಗು ಕೇಳಿ ಹೊರಗೆ ಬಂದಾಗ ಗಾಡಿ ಬಯಲಿನಲ್ಲಿ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಓಡಿ ಹೋಗಿ ಹಿಂದಿನ ಎಂಜಿನ್ನಿನ ವೈರು ಕಿತ್ತು ನಿಲ್ಲಿಸಿದೆ. ಚಿಲಕ ಒಳಗಿನಿಂದ ಹಾಕಿತ್ತು, ರಕ್ತ ಕಣ್ಣಿಗಿಳಿದು ಅವಳಿಗೆ ಅದು ಕಾಣುತ್ತಿರಲಿಲ್ಲ, ನನ್ನ ಬೆರಳು ಬಲೆಯೊಳಗೆ ತೂರುತ್ತಿರಲಿಲ್ಲ. ಆ ಅರ್ಧ ನಿಮಿಷ ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಆಸ್ಪತ್ರೆಯಲ್ಲಿ ಐದು ಹೊಲಿಗೆ ಹಾಕಿದರು.

ಮೂರನೇ ದಿನ ಮ್ಯಾನೇಜರು ನಮ್ಮಿಬ್ಬರನ್ನೂ ಒಳಗೆ ಕರೆದರು. ಅಕ್ಕನಿಗೆ ಕುರ್ಚಿ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಆಗಲೇ ಸಿದ್ಧವಿತ್ತು.

"ನೋಡಮ್ಮ, ನೀವು ಬಾಗಿಲು ತೆಗೆದುಕೊಂಡೇ ಗಾಡಿ ಓಡಿಸ್ತಿದ್ರಿ, ಅದಕ್ಕೇ ಏಟು ಬಿತ್ತು. ಇಷ್ಟೇ ಬರೆದಿರೋದು."

"ಬಾಗಿಲು ಹಾಕಿತ್ತು ಸಾರ್. ಬಲೆ ಹರಿದಿತ್ತು. ಮೂರು ಸಲ ಬರೆದುಕೊಟ್ಟಿದೀನಿ."

"ಅವೆಲ್ಲಿವೆಯೋ, ಹುಡುಕ್ಬೇಕು. ಈಗ ವಿಷಯ ಅದಲ್ಲ. ಶನಿವಾರ ಕಂಪನಿಯವರು ಬರ್ತಾರೆ. ಮಗು ಬೇಕಂತ್ಲೇ ಹೊಡೀತು, ಬಲೆ ಹರಿದಿತ್ತು ಅಂತ ಗೊತ್ತಾದ್ರೆ ಕಾರ್ಯಕ್ರಮ ಅವತ್ತೇ ಬಂದ್. ಇಪ್ಪತ್ತನಾಲ್ಕು ಮಕ್ಕಳೂ ಮನೆಗೆ. ಆ ಹುಡುಗಿಗೆ ಎಂಥ ಹೆಸರು ಬರತ್ತೆ, ಯೋಚನೆ ಮಾಡಿ." ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲಿಟ್ಟರು. "ಕೋಚ್ ಬೇರೆ ಕಡೆ ಹೋಗ್ತಿದ್ದಾನೆ. ಒಂದನೇ ತಾರೀಕಿನಿಂದ ಮಕ್ಕಳು ನಿಮ್ಮೋರು. ಎಷ್ಟೋ ವರ್ಷದಿಂದ ಕೇಳ್ತಿದ್ರಲ್ಲ?"

"ಸಹಿ ಹಾಕ್ದಿದ್ರೆ ಸಾರ್?" ಎಂದಳು ಅಕ್ಕ.

"ಹಾಕ್ದಿದ್ರೆ ಏನಿಲ್ಲಮ್ಮ. ಹೊಲಿಗೆ ಬಿಚ್ಚಿದ ಮೇಲೆ ಗಾಡಿ ಹತ್ತಿ."

ಅಕ್ಕ ಅರ್ಧ ಗಂಟೆ ಕೊಡಿ ಎಂದು ಎದ್ದು ಬಂದಳು. ಶೆಡ್ಡಿನಲ್ಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಕೂತಳು. ಚೆಂಡು ತೊಳೆಯುವ ಯಂತ್ರ ಗಡಗಡ ಎನ್ನುತ್ತಿತ್ತು.

"ಏನ್ಮಾಡ್ಲೋ ತಮ್ಮ? ಹಾಕಿದ್ರೆ ಸುಳ್ಳಿ ಆಗ್ತೀನಿ. ಹಾಕ್ದೆ ಹೋದ್ರೆ ಆ ಮಗೂನ ಮನೆಗೆ ಕಳಿಸ್ತಾರೆ, ನಾನು ಮತ್ತೆ ಅದರೊಳಗೆ ಹೋಗ್ಬೇಕು. ನನ್ ಕೈಲಾಗಲ್ಲ ಕಣೋ. ನಿನ್ನೆ ರಾತ್ರಿ ಕೋಣೆ ಬಾಗಿಲು ಹಾಕಿದ್ರೂ ಎದೆ ಹೊಡ್ಕೊಳ್ತಿತ್ತು."

"ಹಾಕ್ಬಿಡಕ್ಕ" ಎಂದೆ. "ಯಾರಿಗೆ ನಷ್ಟ ಹೇಳು?"

ಹೌದು, ಹೇಳಿದವನು ನಾನೇ. ಯಾರ ಮೇಲೂ ಗೂಬೆ ಕೂರಿಸುವುದಿಲ್ಲ. ಹಾಳೆಯಲ್ಲಿ ಅಕ್ಕನ ಸಹಿಯ ಕೆಳಗೆ, ಬಾಗಿಲು ತೆರೆದಿದ್ದದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಎಂಬಲ್ಲಿ ಸಹಿ ಹಾಕಿದವನೂ ನಾನೇ.

ಶನಿವಾರ ಕಂಪನಿಯವರು ಬಂದರು. ಅಕ್ಕ ಹೊಸ ಟೀ ಶರ್ಟು ತೊಟ್ಟು, ಹೊಲಿಗೆ ಕಾಣದಂತೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮಕ್ಕಳ ಪಕ್ಕ ನಿಂತಿದ್ದಳು. ಗಾಡಿಗೆ ಹೊಸ ಬಲೆ ಬಂದಿತ್ತು, ಎರಡೇ ದಿನದಲ್ಲಿ. ಮ್ಯಾನೇಜರು ಭಾಷಣ ಮುಗಿಸಿ, "ಮಕ್ಕಳೇ, ಇಲ್ಲಿ ಏನು ಕಲಿತ್ರಿ, ಯಾರಾದ್ರೂ ಹೇಳಿ" ಎಂದರು.

ಎಡಚಿ ಎದ್ದು ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ನಾನು ಅಕ್ಕನ ಗಾಡಿಗೆ ಬೇಕಂತ್ಲೇ ಗುರಿಯಿಟ್ಟೆ. ಬಲೆ ಹರಿದಿರೋದು ನಂಗೆ ಕಂಡಿತ್ತು. ಯಾರೂ ನನ್ನ ಕೇಳ್ಲಿಲ್ಲ. ಆದ್ರೂ ಎಣಿಸ್ಬೇಕು ಅಂತ ಅಕ್ಕ ಹೇಳ್ಕೊಟ್ಟಿದಾರೆ. ತಪ್ಪು ನಂದು."

ನಾನು ಬುಟ್ಟಿ ಕೊಡುವ ಕೌಂಟರಿನಲ್ಲಿ ನಿಂತಿದ್ದೆ. ಮ್ಯಾನೇಜರು ಒಂದು ಕ್ಷಣ ಪೆಚ್ಚಾಗಿ, ಮರುಕ್ಷಣ ಹಲ್ಲು ಬಿಟ್ಟರು. "ಪಾಪ, ಮಗು ತನ್ನ ತಪ್ಪು ಅಂದುಕೊಂಡು ಕೊರಗ್ತಾ ಇದೆ. ಇಲ್ಲಮ್ಮ, ಗಾಡಿ ಬಾಗಿಲು ತೆಗೆದಿತ್ತು, ಮೇಡಂ ಅವರೇ ಬರೆದುಕೊಟ್ಟಿದಾರೆ. ಅಲ್ವಾ ಮೇಡಂ?"

ಎಲ್ಲರೂ ಅಕ್ಕನ ಕಡೆ ತಿರುಗಿದರು. ಎಡಚಿಯೂ ತಿರುಗಿದಳು. ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ. ಅಕ್ಕ ಈಗ ಹೇಳುತ್ತಾರೆ ಎಂಬ ನಂಬಿಕೆಯಿತ್ತು. ಅಕ್ಕ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ನಾನು ಮುಂದೆ ಬಂದು ಬಲೆ ಹರಿದಿತ್ತು ಎನ್ನಬಹುದಿತ್ತು. ಬುಟ್ಟಿಗಳನ್ನು ಸಾಲು ಮಾಡುತ್ತ ನಿಂತೆ.

"ಬಾಗಿಲು ತೆಗೆದಿತ್ತು" ಎಂದಳು ಅಕ್ಕ. ಜೀವಮಾನದಲ್ಲಿ ಮೊದಲ ಸಲ ಅವಳ ದನಿ ಹತ್ತು ಅಡಿಯಾಚೆ ಕೇಳಿಸಲಿಲ್ಲ. ಮ್ಯಾನೇಜರು ಅದನ್ನು ಜೋರಾಗಿ ಇನ್ನೊಮ್ಮೆ ಹೇಳಿದರು.

ಕಂಪನಿಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡು ಎದ್ದರು. "ಮಾಡದ ತಪ್ಪನ್ನ ತನ್ನ ಮೇಲೆ ಎಳ್ಕೊಳ್ಳೋದು ಅಂದ್ರೆ! ಎಂಥ ದೊಡ್ಡ ಮನಸ್ಸು ಈ ಮಗೂದು!" ಎಲ್ಲರೂ ಚಪ್ಪಾಳೆ ತಟ್ಟಿದರು. ಎಡಚಿಗೆ ಬೆಳ್ಳಿ ಬಣ್ಣದ ಒಂದು ಬಹುಮಾನದ ಕಪ್ ಕೊಟ್ಟು ಫೋಟೋ ತೆಗೆದರು. ಅವಳು ಅದನ್ನು ಹಿಡಿದ ರೀತಿ ನೋಡಿದರೆ, ಬೇರೆ ಯಾರದೋ ಸಾಮಾನನ್ನು ಸ್ವಲ್ಪ ಹೊತ್ತು ಹಿಡಿದುಕೋ ಎಂದು ಅವಳ ಕೈಗೆ ಕೊಟ್ಟಂತಿತ್ತು.

ಒಂದನೇ ತಾರೀಕಿನಿಂದ ಅಕ್ಕ ಕೋಚ್. ಗಾಡಿಗೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ, ನನ್ನನ್ನೇ ಹತ್ತಿಸಿದರು. ಬೆಳಿಗ್ಗೆ ಹೆಕ್ಕುತ್ತೇನೆ, ಮಧ್ಯಾಹ್ನ ತೊಳೆಯುತ್ತೇನೆ. ನನ್ನ ಕಿವಿಯೂ ಗುಂಯ್‌ಗುಡಲು ಶುರುವಾಗಿದೆ. ಚಿಲಕ ಹಾಕಿಕೊಳ್ಳುವಾಗಲೆಲ್ಲ ಉಸಿರು ಸಿಕ್ಕಿಕೊಳ್ಳುತ್ತದೆ. ಯಾರ ಹತ್ತಿರ ಹೇಳಲಿ? ಬಾಗಿಲು ತೆಗೆದರೆ ಏಟು ಬೀಳುತ್ತದೆ ಎಂದು ಸಹಿ ಹಾಕಿದವನು ನಾನು.

ಎಡಚಿ ಶನಿವಾರ ತಪ್ಪಿಸುವುದಿಲ್ಲ. ಚೆನ್ನಾಗಿಯೇ ಆಡುತ್ತಾಳೆ, ಹೇಳಿದ್ದು ಕೇಳುತ್ತಾಳೆ, ಎದುರು ಮಾತಿಲ್ಲ. ಅಕ್ಕಾ ಎನ್ನುವುದನ್ನು ಮಾತ್ರ ಬಿಟ್ಟಿದ್ದಾಳೆ.

ಹೋದ ಶನಿವಾರ ಮಕ್ಕಳು ಬಯಲಿನ ಅಂಚಿನಲ್ಲಿರುವ ಚಿಕ್ಕ ಗುಳಿಗೆ ಆಡುತ್ತಿದ್ದರು, ಕಡಿಮೆ ಹೊಡೆತಕ್ಕೆ ಚೆಂಡನ್ನು ಗುಳಿ ಸೇರಿಸಿದವರೇ ಮುಂದು. ನಾನು ಹತ್ತಿರದಲ್ಲೇ ಎಂಜಿನ್ ನಿಲ್ಲಿಸಿ ಬಲೆಯೊಳಗೇ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಎಡಚಿ ನನಗೆ ನೇರ ಎದುರಿಗಿದ್ದಳು. ಬೀಸಿದಳು. ಕೋಲು ಚೆಂಡಿನ ಮೇಲಿಂದ ಹಾದುಹೋಯಿತು, ಒಂದು ಹುಲ್ಲು ಕೂಡ ಅಲುಗಲಿಲ್ಲ. ಉಳಿದ ಮಕ್ಕಳು ಬೇರೆಲ್ಲೋ ನೋಡುತ್ತಿದ್ದರು. ಅಕ್ಕ ನೋಡಿದಳು. ಎಡಚಿ ತುಟಿಪಿಟಕ್ಕೆನ್ನದೆ ಮತ್ತೆ ನಿಂತು ಹೊಡೆದಳು, ಆಮೇಲೆ ಇನ್ನೆರಡು. ಚೆಂಡು ಗುಳಿಗೆ ಬಿತ್ತು.

ಅಕ್ಕ ಹೊಡೆತದ ಲೆಕ್ಕ ಬರೆಯುವ ಕಾರ್ಡು ಹಿಡಿದು ಕೇಳಿದಳು, "ಎಷ್ಟು?"

ಎಡಚಿ ಅವಳ ಕಣ್ಣಲ್ಲಿ ಕಣ್ಣಿಟ್ಟಳು. "ಮೂರು, ಮೇಡಂ."

ಪೆನ್ನು ಕಾರ್ಡಿಗೆ ತಗಲಲಿಲ್ಲ. ಅಕ್ಕ ತಲೆಯೆತ್ತಿ ಬಲೆಯೊಳಗಿದ್ದ ನನ್ನನ್ನು ನೋಡಿದಳು. ಆ ಹುಬ್ಬಿನ ಕಲೆ ಇನ್ನೂ ಕೆಂಪಗಿದೆ.

"ನೀನು ಎದುರಿಗೇ ಇದ್ಯಲ್ಲೋ. ನೋಡಿದ್ಯಲ್ವಾ?"

ಎಡಚಿಯೂ ನನ್ನ ಕಡೆ ತಿರುಗಿದಳು, ನಾನು ಏನು ಹೇಳುತ್ತೇನೆ ಎಂದು ಮೊದಲೇ ಗೊತ್ತಿದ್ದವಳ ಹಾಗೆ.

"ಇಲ್ಲಕ್ಕ" ಎಂದೆ. "ನಾನು ನೋಡ್ಲಿಲ್ಲ."

ಅಕ್ಕ ಮೂರು ಎಂದು ಬರೆದಳು.